ಗುಟ್ಟು ಕಾಯುವವರ ಪಿಂಚಣಿ ಯಾರ ಮರ್ಜಿ?

2025ರ ಜುಲೈನಲ್ಲಿ ದೇಶದೊಳಗಿನ ಬೇಹುಗಾರಿಕೆಯ ಸಂಸ್ಥೆ ಇಂಟೆಲಿಜೆನ್ಸ್ ಬ್ಯೂರೋ, ಅಂದರೆ ಐಬಿ, ಎರಡು ದೊಡ್ಡ ನೇಮಕಾತಿ ಪ್ರಕಟಣೆ ಹೊರಡಿಸಿತು. ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ ಹುದ್ದೆ 3,717, ಸೆಕ್ಯುರಿಟಿ ಅಸಿಸ್ಟೆಂಟ್ ಹುದ್ದೆ 4,987. ನಮ್ಮ ಧಾರವಾಡದಲ್ಲೂ ಬೆಂಗಳೂರಿನ ವಿಜಯನಗರದಲ್ಲೂ ಕೋಚಿಂಗ್‌ಗೆ ಕೂತ ಹುಡುಗ ಹುಡುಗಿಯರಿಗೆ ಇದು ಹಬ್ಬ. ಮೂಲವೇತನದ ಮೇಲೆ ಶೇಕಡಾ 20ರಷ್ಟು ವಿಶೇಷ ಭದ್ರತಾ ಭತ್ಯೆ ಎಂಬ ಸಾಲನ್ನು ಎಲ್ಲರೂ ಗಟ್ಟಿಯಾಗಿ ಓದುತ್ತಾರೆ. ದೇಶದ ಯಾವ ಮೂಲೆಗೂ ವರ್ಗಾವಣೆ ಎಂಬ ಸಾಲನ್ನು ಮನೆಯವರು ಓದಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಆದರೆ ಅರವತ್ತಕ್ಕೆ ಮೊದಲೇ ಈ ಕೆಲಸ ಬಿಡಬೇಕಾಗಿ ಬಂದರೆ ಗತಿಯೇನು ಎಂದು ಕೇಳಿದವರನ್ನು ನಾನು ನೋಡಿಲ್ಲ.

ನಾನು ಗುಪ್ತಚರ ಇಲಾಖೆಯವನಲ್ಲ. ಬ್ಯಾಂಕಿನಲ್ಲಿದ್ದವನು, ನಿವೃತ್ತಿಗೆ ಮುಂಚಿನ ಕೆಲವು ವರ್ಷ ಪಿಂಚಣಿ ವಿಭಾಗದಲ್ಲಿ ಕುಳಿತವನು. ಪಿಪಿಒ (ಪಿಂಚಣಿ ಪಾವತಿ ಆದೇಶ), ಕಮ್ಯುಟೇಷನ್ (ಪಿಂಚಣಿಯ ಒಂದು ಪಾಲನ್ನು ಮೊದಲೇ ಇಡಿಗಂಟಾಗಿ ಪಡೆಯುವುದು), ಕುಟುಂಬ ಪಿಂಚಣಿ, ನವೆಂಬರಿನ ಜೀವನ ಪ್ರಮಾಣಪತ್ರಗಳ ನಡುವೆ ಬದುಕಿದವನಿಗೆ ಯಾವ ಸುದ್ದಿಯಲ್ಲೂ ಮೊದಲು ಕಣ್ಣಿಗೆ ಬೀಳುವುದು ಪಿಂಚಣಿ ನಿಯಮವೇ. ಹಾಗೆ ಓದುತ್ತಾ ಹೋದಾಗ ನನಗೆ ಅನ್ನಿಸಿದ್ದು ಇಷ್ಟು: ದೇಶದ ಗುಟ್ಟು ಕಾಯುವವರಿಗೆ ಅವಧಿಗೆ ಮುನ್ನ ನಿವೃತ್ತಿಯಾದರೆ ಏನು ಸಿಗುತ್ತದೆ ಎಂಬುದು ಹಕ್ಕಾಗಿ ಯಾವ ಕಾಯ್ದೆಯಲ್ಲೂ ಇಲ್ಲ. ಇರುವುದೆಲ್ಲ ನಿಯಮ, ಆದೇಶ, ಅಧಿಸೂಚನೆ. ಅಂದರೆ ಸರ್ಕಾರದ ಮರ್ಜಿ.

ಮೊದಲು ವಿದೇಶಿ ಬೇಹುಗಾರಿಕೆಯ ಸಂಸ್ಥೆ ‘ರಾ’ ವಿಷಯ. ಅಲ್ಲಿನ ಸಿಬ್ಬಂದಿಗೆ 1975ರ ನೇಮಕಾತಿ, ವೃಂದ ಮತ್ತು ಸೇವಾ ನಿಯಮಗಳಿವೆ. ಅದರಲ್ಲಿ 135ನೆಯ ನಿಯಮ ಕುತೂಹಲದ್ದು. ಅಧಿಕಾರಿಯ ಗುರುತು ಬಯಲಾದರೆ, ಭದ್ರತೆಯ ಕಾರಣಕ್ಕೆ ಅವರನ್ನು ಸಂಸ್ಥೆಯಲ್ಲಿ ಇಟ್ಟುಕೊಳ್ಳಲು ಆಗದಂತಾದರೆ, ಅಥವಾ ಕರ್ತವ್ಯದಲ್ಲಿ ಗಾಯಗೊಂಡು ಅಂಗವಿಕಲರಾದರೆ ಅವರನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸಬಹುದು. ಪಿಂಚಣಿಯ ಲೆಕ್ಕ ಮಾತ್ರ ಉದಾರವಾಗಿದೆ. ಅವರು ಪೂರ್ಣಾವಧಿ ಸೇವೆಯಲ್ಲಿದ್ದರೆ ಎಷ್ಟು ಸಂಬಳ ಬರುತ್ತಿತ್ತೋ ಅದನ್ನೇ ಆಧಾರವಾಗಿಟ್ಟುಕೊಂಡು, ಮಾಮೂಲಾಗಿ ಬರಬೇಕಿದ್ದ ಬಡ್ತಿಗಳನ್ನೂ ಸೇರಿಸಿ ಪಿಂಚಣಿ ಕೊಡಬಹುದು ಎನ್ನುತ್ತದೆ ನಿಯಮ. ಬೇರೆ ಇಲಾಖೆಯವರು ಕನಸಿನಲ್ಲೂ ಕಾಣದ ಸೌಲಭ್ಯ ಇದು. ಬರೆದವರು ಬುದ್ಧಿವಂತರು, ಮನುಷ್ಯರ ಕಷ್ಟ ಅರಿತವರು. ನಲವತ್ತೈದಕ್ಕೆ ಗುರುತು ಬಯಲಾದವನು ಮತ್ತೆ ಎಲ್ಲಿ ಹೋಗಿ ಕೆಲಸ ಕೇಳಿಯಾನು?

ಆದರೆ ‘ಕೊಡಬಹುದು’ ಎಂಬಲ್ಲಿಗೆ ನಿಂತಿದೆ. ಕೊಡತಕ್ಕದ್ದು ಎಂದಿಲ್ಲ.

ಈ ನಿಯಮದ ಇನ್ನೊಂದು ಮುಖ 2020ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಕಾಣುತ್ತದೆ. ‘ರಾ’ದ ಹಿರಿಯ ಮಹಿಳಾ ಅಧಿಕಾರಿಯೊಬ್ಬರು 2007ರಲ್ಲಿ ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದರು. ದೂರಿನ ವಿಚಾರಣೆ ಎಳೆದಾಡಿತು. 2008ರ ಆಗಸ್ಟ್‌ನಲ್ಲಿ ಅವರು ಪ್ರಧಾನಿ ಕಾರ್ಯಾಲಯದ ಎದುರು ಆತ್ಮಹತ್ಯೆಗೆ ಯತ್ನಿಸಿದರು, ಸುದ್ದಿ ಮಾಧ್ಯಮಗಳಲ್ಲಿ ಬಂತು. 2009ರ ಡಿಸೆಂಬರಿನಲ್ಲಿ ಗುರುತು ಬಯಲಾಗಿದೆ ಎಂಬ ಕಾರಣಕ್ಕೆ ಇದೇ 135ನೆಯ ನಿಯಮದಡಿ ಅವರನ್ನು ಮನೆಗೆ ಕಳುಹಿಸಲಾಯಿತು. ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಇದು ಶಿಕ್ಷೆಯಲ್ಲ, ಕಳಂಕವೂ ಅಲ್ಲ, ಸಂಸ್ಥೆಯ ಭದ್ರತೆಗಾಗಿ ಇರುವ ವ್ಯವಸ್ಥೆ ಎಂದಿತು. ಜೊತೆಗೆ, ದೂರನ್ನು ನಿರ್ವಹಿಸಿದ ರೀತಿಯಿಂದ ಆಕೆಯ ಘನತೆಗೆ ಧಕ್ಕೆಯಾಗಿದೆ ಎಂದು ಒಪ್ಪಿ 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು.

ತೀರ್ಪಿನ ಕಾನೂನು ತರ್ಕದೊಂದಿಗೆ ನನಗೆ ಜಗಳವಿಲ್ಲ. ಬಯಲಾದ ಗೂಢಚಾರರನ್ನು ಯಾವ ದೇಶವೂ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ನನ್ನ ತಕರಾರು ಬೇರೆ. ಗುರುತು ಬಯಲಾಗಿದೆ ಎಂದು ತೀರ್ಮಾನಿಸುವುದು ಸಂಸ್ಥೆಯ ಮುಖ್ಯಸ್ಥರು ಮತ್ತು ಸರ್ಕಾರ. ಯಾವ ದೂರಿನ ಕಾವಿನಲ್ಲಿ ಸುದ್ದಿ ಹೊರಗೆ ಬಂತು, ಬಯಲಾಗಲು ಕಾರಣ ಯಾರು ಎಂದು ಸ್ವತಂತ್ರವಾಗಿ ನೋಡುವ ಮೂರನೆಯ ಕಣ್ಣು ಅಲ್ಲಿ ಇಲ್ಲ. ಸೌಲಭ್ಯವನ್ನೂ ಬೆತ್ತವನ್ನೂ ಒಂದೇ ನಿಯಮದೊಳಗೆ ಇಟ್ಟರೆ ಅಧಿಕಾರಿ ಯಾವುದಕ್ಕೆ ಕೈ ಚಾಚಬೇಕು?

ಇನ್ನು ಐಬಿ. ಸೆಕ್ಯುರಿಟಿ ಅಸಿಸ್ಟೆಂಟ್, ಜೂನಿಯರ್ ಇಂಟೆಲಿಜೆನ್ಸ್ ಆಫೀಸರ್ ಮಟ್ಟದವರ ಪಾಡು ಯಾರ ತಲೆಗೂ ಹೋಗುವುದಿಲ್ಲ, ಏಕೆಂದರೆ ಅವರ ಬಗ್ಗೆ ಯಾರೂ ಸುದ್ದಿ ಬರೆಯುವುದಿಲ್ಲ. ನಮ್ಮ ಶಾಖೆಗೆ ಬರುತ್ತಿದ್ದ ಒಬ್ಬರ ನೆನಪು ಚೆನ್ನಾಗಿದೆ. ಹೆಸರು ಬೇಡ, ಊರು ಬೇಡ. 2004ಕ್ಕೆ ಮೊದಲು ಸೇರಿದವರು, ಹಾಗಾಗಿ ಹಳೆಯ ಪಿಂಚಣಿ. ಗಡಿ ಭಾಗದಲ್ಲಿ ವರ್ಷಗಟ್ಟಲೆ ಇದ್ದು ಬೆನ್ನು ಹಾಳುಮಾಡಿಕೊಂಡು, ಇಪ್ಪತ್ತು ವರ್ಷದ ಸೇವೆ ದಾಟಿದ ಮೇಲೆ ಸ್ವಯಂ ನಿವೃತ್ತಿ ಪಡೆದಿದ್ದರು. ಪಿಂಚಣಿ ಸಾಲದು, ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ, ಎಲ್ಲಾದರೂ ಕೆಲಸ ಬೇಕು. ಒಂದು ಖಾಸಗಿ ಭದ್ರತಾ ಕಂಪನಿಯ ಅರ್ಜಿ ಹಿಡಿದು ನನ್ನ ಮೇಜಿನ ಎದುರು ಕೂತರು.

“ಸಾರ್, ಅನುಭವ ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ?”

“ನೀವು ಮಾಡಿದ್ದನ್ನೇ ಬರೆಯಿರಿ.”

“ಅದನ್ನೇ ಬರೆಯುವ ಹಾಗಿಲ್ಲವಲ್ಲ ಸಾರ್.”

ಕೊನೆಗೆ ಬರೆದದ್ದು ‘ಕೇಂದ್ರ ಸರ್ಕಾರಿ ಸೇವೆ, ಗೃಹ ಸಚಿವಾಲಯ’ ಎಂದಷ್ಟೇ. ಎದುರಿಗೆ ಕೂತು ಸಂದರ್ಶನ ಮಾಡುವ ಹುಡುಗನಿಗೆ ಅದು ಗುಮಾಸ್ತನ ಕೆಲಸದಂತೆ ಕಾಣುತ್ತದೆ. ಬೆಂಗಳೂರಿನಲ್ಲಿ ಸೇನೆಯಿಂದ ಬಂದವರಿಗೆ ಮಾಜಿ ಸೈನಿಕ ಎಂಬ ಗುರುತಿನ ಚೀಟಿ ಇದೆ, ಮೀಸಲಾತಿ ಇದೆ, ಸೈನಿಕ ಕಲ್ಯಾಣ ಇಲಾಖೆ ಇದೆ. ಸಿಪಾಯಿಗೆ ಹದಿನೈದು ವರ್ಷದ ಸೇವೆಗೆ ಪಿಂಚಣಿ, ಅದೂ ಹೊರಗೆ ಬಂದ ದಿನದಿಂದಲೇ. 2004ರ ಜನವರಿ 1ರಿಂದ ಹೊಸ ಪಿಂಚಣಿ ವ್ಯವಸ್ಥೆ, ಎನ್‌ಪಿಎಸ್, ಬಂದಾಗ ಸೇನೆಯನ್ನು ಹೊರಗಿಟ್ಟರು, ಸರಿಯಾಗಿಯೇ ಮಾಡಿದರು. ಅದೇ ಗಡಿಯಲ್ಲಿ ಸಮವಸ್ತ್ರವಿಲ್ಲದೆ, ಬೇರೆ ಹೆಸರಿನಲ್ಲಿ ಅಲೆದವನು ಮಾತ್ರ ಲೆಕ್ಕಕ್ಕೆ ‘ಸಿವಿಲಿಯನ್’. ದೆಹಲಿಯ ಕಚೇರಿಯಲ್ಲಿ ಕಡತ ತಿರುವುವವರಿಗೂ ಅವನಿಗೂ ಒಂದೇ ಪಿಂಚಣಿ.

ಆ ಮನುಷ್ಯ ಹಳೆಯ ಪಿಂಚಣಿಯವರಾದ್ದರಿಂದ ಒಂದು ಲೆಕ್ಕಕ್ಕೆ ಬಚಾವಾದರು. ಈಗ ಸೇರುವವರ ಕಥೆ ಕೇಳಿ. 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ, ಯುಪಿಎಸ್, ಜಾರಿಯಲ್ಲಿದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧದಷ್ಟು ಖಾತರಿ. ಕೇಳಲು ಇಂಪಾಗಿದೆ. ಆದರೆ ಸ್ವಯಂ ನಿವೃತ್ತಿ ಪಡೆದವರಿಗೆ ಈ ಹಣ ಶುರುವಾಗುವುದು ಅವರು ಕೆಲಸ ಬಿಟ್ಟ ದಿನದಿಂದಲ್ಲ; ಕೆಲಸದಲ್ಲೇ ಮುಂದುವರಿದಿದ್ದರೆ ಯಾವ ದಿನ ನಿವೃತ್ತರಾಗುತ್ತಿದ್ದರೋ ಆ ದಿನದಿಂದ. 2025ರ ಸೆಪ್ಟೆಂಬರಿನ ನಿಯಮಗಳು 20 ವರ್ಷಕ್ಕೇ ಸ್ವಯಂ ನಿವೃತ್ತಿಗೆ ಅವಕಾಶ ಕೊಟ್ಟವು, ಸೇವೆಗೆ ತಕ್ಕ ಪ್ರಮಾಣದಲ್ಲಿ ಪಿಂಚಣಿ ಎಂದವು. ಕಾಯುವುದು ಮಾತ್ರ ತಪ್ಪಲಿಲ್ಲ. 22ನೇ ವಯಸ್ಸಿಗೆ ಸೇರಿ 47ಕ್ಕೆ ಬೆನ್ನು ಕೈಕೊಟ್ಟು ಹೊರಬಂದವನು ಪಿಂಚಣಿಗೆ 13 ವರ್ಷ ಕಾಯಬೇಕು. 42ಕ್ಕೆ ಬಂದರೆ 18 ವರ್ಷ. ಗ್ರ್ಯಾಚುಟಿಯ ದುಡ್ಡು, ಖಾತೆಯಿಂದ ಹಿಂಪಡೆಯಬಹುದಾದ ಒಂದಷ್ಟು ಮೊತ್ತ ಸಿಗುತ್ತದೆ, ಅಷ್ಟೇ. ಮಕ್ಕಳ ಓದು, ಮನೆ ಸಾಲ ಎಲ್ಲ ಬೀಳುವುದು ಆ ಹದಿಮೂರು ವರ್ಷದಲ್ಲೇ ಅಲ್ಲವೇ? ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.

ಇದರಲ್ಲಿ ಒಂದು ತಮಾಷೆಯೂ ಇದೆ. ಸರ್ಕಾರವೇ ಸಾರ್ವಜನಿಕ ಹಿತದ ಹೆಸರಿನಲ್ಲಿ ಕೇಂದ್ರ ನೌಕರರ ಸೇವೆಗೆ ಅನ್ವಯಿಸುವ ಮೂಲಭೂತ ನಿಯಮ 56(ಜೆ) ಅಡಿ ಅವಧಿಗೆ ಮುನ್ನ ಹೊರಗೆ ಹಾಕಿದರೆ ಪಿಂಚಣಿ ಆ ದಿನದಿಂದಲೇ. ಅಂದರೆ ಸರ್ಕಾರಕ್ಕೆ ಬೇಡವಾದವನಿಗೆ ಕೂಡಲೇ, ತಾನಾಗಿ ದಣಿದು ಹೊರಟವನಿಗೆ ಅರವತ್ತಾದ ಮೇಲೆ. ಉಳಿದ ಇಲಾಖೆಗಳಿಗೆ ಈ ನಿಯಮ ಸರಿಯೋ ತಪ್ಪೋ, ಬೇರೆ ಚರ್ಚೆ. ಎಂಟು ಗಂಟೆ ಕೆಲಸ ಎಂಬುದೇ ಇಲ್ಲದ, ಮನೆಯವರಿಗೂ ಸತ್ಯ ಹೇಳಲಾಗದ ಈ ಕೆಲಸಕ್ಕೆ ಅದನ್ನೇ ಅನ್ವಯಿಸುವುದು ಅನ್ಯಾಯ.

ಹೋಗಲಿ, ಸಿಕ್ಕ ಪಿಂಚಣಿಯಾದರೂ ನಿಶ್ಚಿಂತೆಯದೇ? 2021ರ ಮೇ 31ರಂದು ಕೇಂದ್ರ ಸರ್ಕಾರ ಪಿಂಚಣಿ ನಿಯಮಗಳ ಎಂಟನೆಯ ನಿಯಮಕ್ಕೆ ತಿದ್ದುಪಡಿ ತಂದಿತು. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ಸಂಸ್ಥೆಯ ಕಾರ್ಯವ್ಯಾಪ್ತಿಗೆ ಸೇರಿದ ಏನನ್ನೂ ಮುಖ್ಯಸ್ಥರ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ. ಅಲ್ಲಿ ಕೆಲಸ ಮಾಡಿ ಗಳಿಸಿದ ಪರಿಣತಿ, ಜ್ಞಾನ ಕೂಡ ಆ ಪಟ್ಟಿಯಲ್ಲಿದೆ. ನಿವೃತ್ತಿಯ ವೇಳೆ ಮುಚ್ಚಳಿಕೆ ಬರೆದುಕೊಡಬೇಕು, ಮೀರಿದರೆ ಪಿಂಚಣಿ ತಡೆಹಿಡಿಯಬಹುದು ಅಥವಾ ನಿಲ್ಲಿಸಬಹುದು. ಗುಟ್ಟು ಬಿಟ್ಟುಕೊಟ್ಟವರನ್ನು ಶಿಕ್ಷಿಸಲು ಅಧಿಕೃತ ರಹಸ್ಯ ಕಾಯ್ದೆ 1923ರಿಂದಲೇ ಇದೆ. ಅಲ್ಲಿ ಪೊಲೀಸರು ಆರೋಪ ಸಾಬೀತುಪಡಿಸಬೇಕು, ನ್ಯಾಯಾಧೀಶರು ಒಪ್ಪಬೇಕು. ಪಿಂಚಣಿ ನಿಲ್ಲಿಸಲು ಅಷ್ಟು ತೊಂದರೆಯಿಲ್ಲ. ಪಿಂಚಣಿ ದಾನವಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲುವ ಹಕ್ಕು ಎಂದು ಸುಪ್ರೀಂ ಕೋರ್ಟ್ ನಕಾರಾ ಪ್ರಕರಣದಲ್ಲಿ ಹೇಳಿದ್ದು 1982ರ ಡಿಸೆಂಬರ್ 17ರಂದು. ಆ ದಿನವನ್ನು ಪ್ರತಿವರ್ಷ ಪಿಂಚಣಿದಾರರ ದಿನ ಎಂದು ಆಚರಿಸಿ ಹಾರ ಹಾಕಿಸಿಕೊಳ್ಳುತ್ತೇವೆ.

ಅವಧಿಗೆ ಮುನ್ನ ಹೊರಬಂದವರಿಗೆ ಇದು ಇನ್ನೂ ಬಿಗಿ. ಅರವತ್ತಕ್ಕೆ ಬಂದವರಿಗೆ ಬಾಯಿ ಮುಚ್ಚಿಕೊಂಡಿರುವುದು ಸುಲಭ. ನಲವತ್ತೈದಕ್ಕೆ ಬಂದವನಿಗೆ ಹೊಟ್ಟೆಪಾಡಿಗೆ ಮಾರಲು ಇರುವುದು ಅದೇ ಪರಿಣತಿ, ಅದೇ ಜ್ಞಾನ.

ಇವರೇಕೆ ಸಂಘ ಕಟ್ಟಿಕೊಂಡು ಕೇಳಬಾರದು? ಕೇಳಿದ್ದರು. 1980ರಲ್ಲಿ ‘ರಾ’ ನೌಕರರು ಮುಷ್ಕರವನ್ನೇ ಹೂಡಿದ್ದರು. ವಿಚಾರಣೆಯಿಲ್ಲದೆ ವಜಾ ಆದವರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1985ರಲ್ಲಿ ಸೋತು ಬಂದರು. ಅದೇ ವರ್ಷ ಗುಪ್ತಚರ ಸಂಸ್ಥೆಗಳ (ಹಕ್ಕುಗಳ ನಿರ್ಬಂಧ) ಕಾಯ್ದೆ ಬಂತು. ಸಂಘ ಕಟ್ಟುವಂತಿಲ್ಲ, ಪತ್ರಿಕೆಯವರೊಂದಿಗೆ ಮಾತಾಡುವಂತಿಲ್ಲ, ಮೀರಿದರೆ ಜೈಲು. ಗುಪ್ತಚರ ಸಂಸ್ಥೆಯಲ್ಲಿ ಮುಷ್ಕರ ಕೂಡದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹಕ್ಕುಗಳನ್ನು ಕಸಿಯುವಾಗ ಸಂಸತ್ತಿನಲ್ಲಿ ಕಾಯ್ದೆ ಮಾಡಿದವರು, ಅದಕ್ಕೆ ಬದಲಾಗಿ ಕೊಡಬೇಕಾದ್ದನ್ನು ಮಾತ್ರ ನಿಯಮದ ಮಟ್ಟದಲ್ಲಿ ಬಿಟ್ಟರಲ್ಲ, ಅಲ್ಲಿ ನನಗೆ ಸಿಟ್ಟು.

ಐಬಿ ಹುಟ್ಟಿದ್ದು 1887ರಲ್ಲಿ, ‘ರಾ’ 1968ರಲ್ಲಿ. ಎರಡಕ್ಕೂ ಸಂಸತ್ತಿನ ಕಾಯ್ದೆಯ ತಳಪಾಯವಿಲ್ಲ. ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರು ನಮ್ಮ ಮೈಸೂರಿನಲ್ಲಿದ್ದವರೇ. ಐಬಿಯಿಂದ ನಿವೃತ್ತರಾಗಿದ್ದ ಆರ್.ಎನ್. ಕುಲಕರ್ಣಿ 2012ರಲ್ಲಿ ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ, ಐಬಿ ಯಾವ ಕಾನೂನಿನ ಅಡಿ ನಡೆಯುತ್ತಿದೆ ಎಂದು ಕೇಳಿದರು. ಅದಕ್ಕೂ ಒಂದು ವರ್ಷ ಮೊದಲು, 2011ರಲ್ಲಿ, ಸಂಸದ ಮನೀಶ್ ತಿವಾರಿ ಗುಪ್ತಚರ ಸೇವೆಗಳ (ಅಧಿಕಾರ ಮತ್ತು ನಿಯಂತ್ರಣ) ಮಸೂದೆಯನ್ನು ಖಾಸಗಿ ಸದಸ್ಯರಾಗಿ, ಅಂದರೆ ಸಚಿವರಲ್ಲದ ಸಂಸದರಾಗಿ, ಮಂಡಿಸಿದ್ದರು. ಮೇಲ್ವಿಚಾರಣಾ ಸಮಿತಿ, ನ್ಯಾಯಮಂಡಳಿ, ದೂರು ವಿಚಾರಿಸುವ ಒಂಬುಡ್ಸ್‌ಮನ್ ಎಲ್ಲ ಅದರಲ್ಲಿತ್ತು. ಕಾಯ್ದೆಯಾಗಲಿಲ್ಲ. ಸ್ವಾತಂತ್ರ್ಯಾನಂತರ ಖಾಸಗಿ ಸದಸ್ಯರ 14 ಮಸೂದೆಗಳಷ್ಟೇ ಕಾಯ್ದೆಯಾಗಿವೆ, ಕೊನೆಯದು 1970ರಲ್ಲಿ. ಹಾಗಿರುವಾಗ ಆಶ್ಚರ್ಯವೇನೂ ಇಲ್ಲ.

ಆ ಮಸೂದೆಯ ಸುತ್ತ ನಡೆದ ಚರ್ಚೆಯೆಲ್ಲ ಫೋನ್ ಕದ್ದಾಲಿಕೆ, ನಾಗರಿಕರ ಖಾಸಗಿತನ, ಸಂಸತ್ತಿಗೆ ಉತ್ತರದಾಯಿತ್ವ ಇವುಗಳ ಬಗ್ಗೆ. ಆಗಲೇಬೇಕಾದ ಚರ್ಚೆ. ಒಳಗಿರುವ ನೌಕರನ ನಿವೃತ್ತಿಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಅಮೆರಿಕದವರು 1964ರಲ್ಲೇ ಸಿಐಎಯ ಕೆಲವು ವರ್ಗದ ನೌಕರರಿಗಾಗಿ ಪ್ರತ್ಯೇಕ ನಿವೃತ್ತಿ ಕಾಯ್ದೆ ಮಾಡಿದರು. 50 ವರ್ಷ ವಯಸ್ಸು, 20 ವರ್ಷ ಸೇವೆ, ಅದರಲ್ಲಿ 5 ವರ್ಷ ವಿದೇಶದಲ್ಲೋ ಅಪಾಯದ ಜಾಗದಲ್ಲೋ ಮಾಡಿದ ಕೆಲಸ, ಇಷ್ಟಿದ್ದವರು ಪಿಂಚಣಿ ಸಹಿತ ಹೊರಬರಬಹುದು. ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ; 2025ರ ಫೆಬ್ರುವರಿಯಲ್ಲಿ ಅದೇ ಸಿಐಎ ತನ್ನ ಸಿಬ್ಬಂದಿಗೆಲ್ಲ ರಾಜೀನಾಮೆಯ ಆಮಿಷ ಒಡ್ಡಿತು. ಆದರೂ ಆ ಅರ್ಹತೆ ಕಾಯ್ದೆಯ ಪುಟದಲ್ಲಿದೆ, ಯಾರು ಬೇಕಾದರೂ ತೆಗೆದು ಓದಬಹುದು.

ನಮ್ಮಲ್ಲೂ ಅದನ್ನೇ ಬರೆಯಲಿ ಎನ್ನುವುದು ನನ್ನ ವಾದ. ಗಡಿ, ನಕ್ಸಲ್ ಪೀಡಿತ ಪ್ರದೇಶ, ವಿದೇಶ, ಗುಪ್ತ ಗುರುತಿನ ಕೆಲಸ ಇವುಗಳಲ್ಲಿ ನಿಗದಿತ ವರ್ಷ ಕಳೆದವರಿಗೆ ಐವತ್ತಕ್ಕೆ ನಿವೃತ್ತಿ ಹಕ್ಕಾಗಲಿ, ಪಿಂಚಣಿ ಮರುತಿಂಗಳಿಂದಲೇ ಬರಲಿ. 135ನೆಯ ನಿಯಮದ ಉದಾರ ಲೆಕ್ಕ ಐಬಿಯ ಕೆಳಹಂತದವರಿಗೂ ಸಿಗಲಿ. ಗುರುತು ಬಯಲಾಗಿದೆಯೇ ಎಂಬುದನ್ನು ಮುಚ್ಚಿದ ಕೋಣೆಯಲ್ಲಿ ಆದರೂ ಸರಿ, ನಿವೃತ್ತ ನ್ಯಾಯಾಧೀಶರೊಬ್ಬರು ನೋಡಲಿ. ಪಿಂಚಣಿ ನಿಲ್ಲಿಸುವ ಅಧಿಕಾರ ನ್ಯಾಯಾಲಯದಲ್ಲಿ ಆರೋಪ ಸಾಬೀತಾದ ಮೇಲೆ ಮಾತ್ರ ಇರಲಿ.

ಹೀಗೆ ಮಾಡಿದರೆ ಅನುಭವಿಗಳೆಲ್ಲ ಐವತ್ತಕ್ಕೇ ಎದ್ದು ಹೋಗುತ್ತಾರೆ ಎಂಬ ಆಕ್ಷೇಪ ನಿರೀಕ್ಷಿತ. ಉಳಿಸಿಕೊಳ್ಳುವ ದಾರಿ ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತು. ಮೂಲಭೂತ ನಿಯಮ ತಿದ್ದಿ ಐಬಿ ನಿರ್ದೇಶಕರು, ‘ರಾ’ ಕಾರ್ಯದರ್ಶಿಗಳ ಅವಧಿ ವಿಸ್ತರಿಸಲು ದಾರಿ ಮಾಡಿಕೊಂಡಿದೆ. ಮೇಲಿನ ಕುರ್ಚಿಗೆ ನಿಯಮ ಬಗ್ಗುತ್ತದೆ ಎಂದಾದರೆ ಕೆಳಗಿನವನ ಬೆನ್ನು ನೋವಿಗೂ ಬಗ್ಗಲಿ.

ಕಾಯ್ದೆ ಬರುವುದು ಯಾವಾಗಲೋ. ಈಗ ಆಯ್ಕೆಯಾಗಿ ಸೇರುತ್ತಿರುವ ಮಕ್ಕಳಿಗೆ ಒಂದು ಮಾತು: ಸೇರಿದ 30 ದಿನದೊಳಗೆ ಯುಪಿಎಸ್ ಬೇಕೋ ಎನ್‌ಪಿಎಸ್ ಬೇಕೋ ಎಂದು ಬರೆದುಕೊಡಬೇಕಾಗುತ್ತದೆ. ಒಂದರಲ್ಲಿ ಖಾತರಿ ಇದೆ, ಬೇಗ ಬಿಟ್ಟರೆ ಅರವತ್ತರವರೆಗೆ ಕಾಯಬೇಕು. ಇನ್ನೊಂದರಲ್ಲಿ ಕಾಯುವ ಕಷ್ಟವಿಲ್ಲ, ಎಷ್ಟು ಬರುತ್ತದೆ ಎಂಬ ಖಾತರಿಯೂ ಇಲ್ಲ. ಪಕ್ಕದಲ್ಲಿ ಕೂತವರು ಯಾವುದಕ್ಕೆ ಸಹಿ ಹಾಕಿದರು ಎಂದು ನೋಡಿ ಸಹಿ ಹಾಕಬೇಡಿ. ಸ್ವಯಂ ನಿವೃತ್ತಿಯ ಭಾಗವನ್ನು ಓದಿ, ಅರ್ಥವಾಗದಿದ್ದರೆ ನನಗೆ ಬರೆಯಿರಿ. ನನಗೆ ಗೊತ್ತಿರುವ ಒಂದೇ ವಿದ್ಯೆ ಅದು.