ನಾಯಿಯನ್ನು ನನ್ನ ಹತ್ತಿರ ಬಿಟ್ಟು ಹೋಗಬೇಡಿ

ವಾರಕ್ಕೆ ನಾಲ್ಕೈದು ಜನ ಫೋನ್ ಮಾಡಿ ಇದೇ ಮಾತು ಹೇಳುತ್ತಾರೆ. "ಸರ್, ಒಂದು ತಿಂಗಳು ನಿಮ್ಮ ಹತ್ರ ಬಿಡ್ತೀವಿ, ಪೂರ್ತಿ ಟ್ರೇನ್ ಮಾಡಿ ಕೊಡಿ. ದುಡ್ಡು ಎಷ್ಟಾದ್ರೂ ಪರವಾಗಿಲ್ಲ." ಆಗಲ್ಲ ಅಂತೀನಿ. ಕೆಲವರಿಗೆ ಬೇಜಾರಾಗುತ್ತದೆ. ಯಾಕೆ ಆಗಲ್ಲ ಅಂತ ಪ್ರತಿ ಸಲ ಫೋನಿನಲ್ಲಿ ಬಿಡಿಸಿ ಹೇಳೋಕೆ ಆಗೋದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ನಾಯಿಗಳಿಗೆ ತರಬೇತಿ ಕೊಡುತ್ತಿದ್ದೇನೆ. ಮೊದಲ ಎರಡು ವರ್ಷ ನಾನೂ ನಾಯಿಗಳನ್ನು ನನ್ನ ಹತ್ತಿರವೇ ಇಟ್ಟುಕೊಂಡು ಕಲಿಸುತ್ತಿದ್ದೆ. ಸಂಪಾದನೆ ಅದರಲ್ಲೇ ಜಾಸ್ತಿ. ಎಂಟು ನಾಯಿ ಒಂದೇ ಕಡೆ ಇದ್ದರೆ ಓಡಾಟವಿಲ್ಲ, ಊಟ-ವಸತಿಯ ದುಡ್ಡೂ ಸೇರುತ್ತದೆ. ಈಗ ಮನೆ ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಬಸವನಗುಡಿ, ಮಧ್ಯಾಹ್ನ ಎಚ್‌ಎಸ್‌ಆರ್ ಲೇಔಟ್, ಸಂಜೆ ಯಲಹಂಕ ಅಂದರೆ ದಿನ ಮುಗಿಯಿತು. ಮೂರೇ ಮನೆ. ಈ ದಾರಿಗೆ ನನ್ನನ್ನು ತಂದಿದ್ದು ಒಂದು ಲ್ಯಾಬ್ರಡಾರ್.

ಒಂದು ತಿಂಗಳು ನನ್ನ ಹತ್ತಿರ ಇತ್ತು. ಕೂರು ಅಂದರೆ ಕೂರುತ್ತಿತ್ತು, ಯಾರ ಮೇಲೂ ಹಾರುತ್ತಿರಲಿಲ್ಲ. ಖುಷಿಯಿಂದ ಮನೆಗೆ ಕಳಿಸಿಕೊಟ್ಟೆ. ಎಂಟೇ ದಿನಕ್ಕೆ ಫೋನ್ ಬಂತು: "ಮತ್ತೆ ಎಲ್ಲರ ಮೇಲೂ ಹಾರ್ತಾನೆ ಸರ್." ಹೋಗಿ ನೋಡಿದೆ. ಮನೆಯ ಅಜ್ಜಿ ಅಡುಗೆಮನೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ರೊಟ್ಟಿ ತಿನ್ನುತ್ತಿದ್ದರು. ನಾಯಿ ಎರಡೂ ಕಾಲು ಅವರ ತೊಡೆಯ ಮೇಲಿಟ್ಟಿತು. "ಇಳಿಯೋ ರಾಕ್ಷಸ" ಅಂದರು, ಒಂದು ತುಂಡು ಮುರಿದು ಬಾಯಿಗೆ ಹಾಕಿದರು. ಅಪ್ಪ "ಸಿಟ್" ಅಂತಾರೆ. ಮಗಳು "ನೋ ಬೇಬಿ, ಡೌನ್" ಅಂತಾಳೆ. ಅಜ್ಜಿ "ಕೂತ್ಕೋ ಮರಿ" ಅಂತಾರೆ. ಕೆಲಸಕ್ಕೆ ಬರುವ ಅಕ್ಕ "ಹಚಾ" ಅಂತಾರೆ. ನಾಯಿ ಕಲಿತದ್ದನ್ನು ಮರೆತಿರಲಿಲ್ಲ. ಈ ಮನೆಯಲ್ಲಿ ಹಾರಿದರೆ ರೊಟ್ಟಿ ಸಿಗುತ್ತೆ ಅನ್ನೋದು ಅದಕ್ಕೆ ಚೆನ್ನಾಗಿ ಗೊತ್ತಿತ್ತು, ಅಷ್ಟೇ.

ಅವತ್ತು ಪಾಠ ಮಾಡಿದ್ದು ಅಜ್ಜಿಗೆ. "ಅಜ್ಜಿ, ರೊಟ್ಟಿ ಕೊಡಬೇಡಿ ಅಂತ ನಾನು ಹೇಳಲ್ಲ. ಯಾವಾಗ ಕೊಡ್ತೀರಿ ಅನ್ನೋದನ್ನ ಮಾತ್ರ ಬದಲಾಯಿಸೋಣ" ಅಂದೆ. ಅಜ್ಜಿ ತುಂಡನ್ನು ಮುಷ್ಟಿಯಲ್ಲಿ ಹಿಡಿದು, ಕೈಯನ್ನು ಎದೆಗೆ ಒತ್ತಿಕೊಂಡು, ಗೋಡೆ ಕಡೆ ತಿರುಗಿ ಕೂತರು. ನಾಯಿ ಹಾರಿತು. ಬೊಗಳಿತು. ಸೆರಗು ಎಳೆಯಿತು. ಅಜ್ಜಿ ಅಲ್ಲಾಡಲಿಲ್ಲ. ಸುಮಾರು ಹೊತ್ತಾದ ಮೇಲೆ ಅದಕ್ಕೇ ಸಾಕಾಗಿ ದೊಪ್ಪನೆ ಕೂತಿತು. "ಈಗ!" ಅಂದೆ. ತುಂಡು ಬಾಯಿಗೆ ಬಿತ್ತು. ಆ "ಈಗ" ಅನ್ನೋದೇ ನನ್ನ ಇಡೀ ವಿದ್ಯೆ. ಎರಡು ಸೆಕೆಂಡ್ ತಡವಾದರೆ ನಾಯಿ ಎದ್ದಿರುತ್ತದೆ, ಆಗ ಎದ್ದಿದ್ದಕ್ಕೇ ಬಹುಮಾನ ಕೊಟ್ಟಂತಾಗುತ್ತದೆ. ಮನೆಯವರೆಲ್ಲ ಸೇರಿ "ಕೂತ್ಕೋ" ಅನ್ನೋ ಒಂದೇ ಪದ ಇಟ್ಟುಕೊಂಡರು. ವಾರದೊಳಗೆ ಆ ನಾಯಿ ಅಜ್ಜಿಯ ಕುರ್ಚಿ ಮುಂದೆ ತಾನೇ ಬಂದು ಕೂರತೊಡಗಿತು. ಒಂದು ತಿಂಗಳು ನನ್ನ ಹತ್ತಿರ ಇದ್ದು ಆಗದೇ ಇದ್ದದ್ದು ಒಂದು ವಾರದಲ್ಲಿ ಆಯಿತು.

"ಪೊಲೀಸ್ ನಾಯಿ ಥರ ಮಾಡಿಕೊಡಿ" ಅನ್ನೋವ್ರೂ ಇದ್ದಾರೆ. ನಮ್ಮ ಬೆಂಗಳೂರಿನ ಹತ್ತಿರವೇ ತರಳುವಿನಲ್ಲಿ ಸಿಆರ್‌ಪಿಎಫ್‌ನವರ ಶ್ವಾನ ತರಬೇತಿ ಶಾಲೆ ಇದೆ, ಬೆಲ್ಜಿಯನ್ ಮ್ಯಾಲಿನಾಯ್ ತಳಿಯ ನಾಯಿಗಳನ್ನು ಅಲ್ಲಿ ತಯಾರು ಮಾಡುತ್ತಾರೆ. ಪಡೆಗಳಲ್ಲಿ ನಾಯಿಯ ಜೊತೆ ಅದರ ಹ್ಯಾಂಡ್ಲರ್, ಅಂದರೆ ಅದನ್ನು ನೋಡಿಕೊಂಡು ಕೆಲಸ ಮಾಡಿಸುವವರು ಕೂಡ ಕಲಿಯುತ್ತಾರೆ. ಇಬ್ಬರೂ ಒಂದು ಜೋಡಿ. ದೇಶ ಕಾಯುವ ನಾಯಿಗೇ ಜೋಡಿ ಬೇಕು ಅಂದಮೇಲೆ ನಿಮ್ಮ ಮನೆಯ ಗೋಲ್ಡನ್ ರಿಟ್ರೀವರ್‌ಗೆ ಬೇಡವಾ?

ಇನ್ನೊಂದು ಕಾರಣ ಇದೆ, ಹೇಳೋಕೆ ಸಂಕಟವಾಗುತ್ತದೆ. ಬೇರೆ ಕಡೆ ಎರಡು ತಿಂಗಳು ಬಿಟ್ಟಿದ್ದ ಜರ್ಮನ್ ಶೆಫರ್ಡ್ ಒಂದನ್ನು ನೋಡಲು ಹೋಗಿದ್ದೆ. "ತುಂಬಾ ಶಿಸ್ತು ಬಂದಿದೆ ಸರ್, ಆದ್ರೆ ಸರಿಯಾಗಿ ಊಟ ಮಾಡ್ತಿಲ್ಲ" ಅಂದರು. ಸೆಕೆ ಅಂತ ಫ್ಯಾನ್ ಸ್ವಿಚ್ ಹಾಕೋಕೆ ನಾನು ಕೈ ಎತ್ತಿದೆ. ನಾಯಿ ನೆಲಕ್ಕೆ ಅಂಟಿಕೊಂಡು ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಆ ಎರಡು ತಿಂಗಳು ವಾರ ವಾರ ಬಂದ ವೀಡಿಯೊಗಳಲ್ಲಿ ಅದು ಹೇಳಿದ್ದೆಲ್ಲ ಮಾಡುತ್ತಿತ್ತು. ಆದರೆ ಬಾಲ ಕಾಲಸಂದಿಗೆ ಸೇರಿತ್ತು, ಕಿವಿ ಹಿಂದಕ್ಕೆ ಅಂಟಿತ್ತು, ಪದೇ ಪದೇ ಮೂತಿ ನೆಕ್ಕಿಕೊಳ್ಳುತ್ತಿತ್ತು. ಅವೆಲ್ಲ ಭಯದ ಗುರುತು. ಮನೆಯವರಿಗೆ ಅದು ಗೊತ್ತಾಗಲಿಲ್ಲ. ಅವರ ತಪ್ಪಲ್ಲ, ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಹೀಗೆ ಹೊಡೆದು ಕಲಿಸೋವ್ರು ಹೇಳೋದು ಒಂದೇ ಮಾತು: "ಬಾಸ್ ಯಾರು ಅಂತ ನಾಯಿಗೆ ತೋರಿಸಬೇಕು, ತೋಳಗಳಲ್ಲೂ ಹಾಗೇ." 1947ರಲ್ಲಿ ಶೆಂಕೆಲ್ ಅನ್ನೋ ವಿಜ್ಞಾನಿ ಬೋನಿನಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದರಿಂದ ಹುಟ್ಟಿದ ಮಾತು ಅದು. ಅದನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ತೋಳಗಳ ವಿಜ್ಞಾನಿ ಡೇವಿಡ್ ಮೀಚ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ ತಾವೇ ತಿದ್ದಿದರು. ತೋಳಗಳ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು. ಒಂದು ಸಂಸಾರ. ಅಲ್ಲಿ ಬಾಸ್ ಪಟ್ಟಕ್ಕೆ ದಿನಾ ಹೊಡೆದಾಟ ನಡೆಯೋದಿಲ್ಲ.

ಈ ಕೆಲಸ ಶುರು ಮಾಡಿದಾಗ ನನ್ನನ್ನು ಒಬ್ಬರೂ ಸರ್ಟಿಫಿಕೇಟ್ ಕೇಳಲಿಲ್ಲ. ಒಂದು ಬೆಲ್ಟು, ಒಂದು ವಾಟ್ಸಾಪ್ ನಂಬರ್ ಸಾಕಾಯಿತು. ಇನ್ನು ಪ್ರಾಣಿಯನ್ನು ಹೊಡೆದು ಹಿಂಸೆ ಕೊಟ್ಟರೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಬರೆದಿರುವ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದ ದುಡ್ಡು! ಕಾನೂನು ನಿಮ್ಮ ನಾಯಿಯನ್ನು ಕಾಯುತ್ತದೆ ಅಂತ ನಂಬಿ ಕೂರಬೇಡಿ. ಅನಿವಾರ್ಯವಾಗಿ ಎಲ್ಲಾದರೂ ಬಿಡಲೇಬೇಕಾದರೆ, ಹೇಳದೆ ಕೇಳದೆ ಬಂದು ನೋಡಬಹುದಾ ಅಂತ ಕೇಳಿ. ನಾಯಿ ತಪ್ಪು ಮಾಡಿದಾಗ ಏನು ಮಾಡ್ತೀರಿ ಅಂತ ಕೇಳಿ. ಉತ್ತರಕ್ಕೆ ತಡವರಿಸಿದರೆ ನಾಯಿಯನ್ನು ಕಾರಿಗೆ ಹತ್ತಿಸಿಕೊಂಡು ವಾಪಸ್ ಬನ್ನಿ.

ಮರಿ ತಂದವರು ಕಲಿಸೋಕೆ ಆರು ತಿಂಗಳು ಕಾಯಬೇಡಿ. ಹುಟ್ಟಿದ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿ ಏನೇನು ನೋಡುತ್ತದೋ ಅದಕ್ಕೆಲ್ಲ ಸುಲಭವಾಗಿ ಹೊಂದಿಕೊಳ್ಳುತ್ತದೆ. ಲಸಿಕೆ ಮುಗಿಯದೆ ನೆಲಕ್ಕೆ ಬಿಡೋಕೆ ಭಯವಾದರೆ ಎತ್ತಿಕೊಂಡೇ ಹೋಗಿ. ಆಟೋ, ಬಸ್ಸು, ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಎಲ್ಲವನ್ನೂ ದೂರದಿಂದ ತೋರಿಸಿ.

ನನ್ನನ್ನು ಕರೆಯೋದಾದರೆ ಮೊದಲ ಕ್ಲಾಸಿನ ದಿನ ಮನೆಯವರೆಲ್ಲ ಇರಿ. ಕೆಲಸಕ್ಕೆ ಬರುವ ಅಕ್ಕನೂ ಹತ್ತು ನಿಮಿಷ ನಿಂತರೆ ತುಂಬಾ ಒಳ್ಳೆಯದು. ನಾಯಿಗೆ ಬೆಳಿಗ್ಗೆ ಅರ್ಧ ಊಟ ಹಾಕಿ, ಇನ್ನರ್ಧ ಡಬ್ಬಿಯಲ್ಲಿ ಎತ್ತಿಟ್ಟಿರಿ. ಕ್ಲಾಸಿಗೆ ಅದೇ ಬೇಕು.