ಬಂದರು ದಾಟಿದ ಮೇಲೆ ವೈರನ್ನು ಕೇಳುವವರು ಯಾರು?

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಪ್ಯಾನೆಲ್ ಬೋರ್ಡ್ ತಯಾರಿಸುವ ನನ್ನ ಚಿಕ್ಕಪ್ಪನ ಮಗ ಚೀನಾದಿಂದ ಪಿವಿಸಿ ಹೊದಿಕೆಯ ವೈರ್ ತರಿಸಲು ಹೊರಟಿದ್ದ. ದರ ಚೆನ್ನಾಗಿತ್ತು, ಮಾರುವವರು ಯುರೋಪಿನ ಸಿಇ ಗುರುತಿನ ಪ್ರಮಾಣಪತ್ರವನ್ನೂ ಕಳುಹಿಸಿದ್ದರು. ಚೆನ್ನೈನ ಕ್ಲಿಯರಿಂಗ್ ಏಜೆಂಟ್ ಮಾತ್ರ ಒಂದೇ ಪ್ರಶ್ನೆ ಕೇಳಿದರು: ಆ ಕಾರ್ಖಾನೆಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ, ಪರವಾನಗಿ ಇದೆಯೇ? ಇರಲಿಲ್ಲ. 'ಅಣ್ಣಾ, ಯುರೋಪಿನವರಿಗೆ ಆಗುವ ವೈರ್ ನಮ್ಮ ಕೋಲಾರ ಜಿಲ್ಲೆಗೆ ಆಗುವುದಿಲ್ಲವೇ?' ಎಂದು ನನಗೆ ಫೋನ್ ಮಾಡಿ ಬೇಸರ ತೋಡಿಕೊಂಡ. ಮೆಲ್ಬರ್ನಿನಲ್ಲಿ ಕುಳಿತು ನಾನು ಅವನ ಪರ ಮಾತನಾಡುತ್ತೇನೆ ಎಂದುಕೊಂಡಿದ್ದನೋ ಏನೋ. ನನಗೆ ಹಾಗೆ ಅನ್ನಿಸಲಿಲ್ಲ.

ಸಿಇ ಎಂಬುದು ಇಂಥ ಸರಕಿನ ಮಟ್ಟಿಗೆ ಬಹುಪಾಲು ತಯಾರಕನೇ ತನ್ನ ಹೊಣೆಯಲ್ಲಿ ಮಾಡಿಕೊಳ್ಳುವ ಘೋಷಣೆ. ಭಾರತದ ದಾರಿ ಬೇರೆ. 2003ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಐಎಸ್ 694 ಎಂಬ ಭಾರತೀಯ ಮಾನದಂಡದ ವ್ಯಾಪ್ತಿಗೆ ಬರುವ ಪಿವಿಸಿ ವೈರ್ ಬೆಂಗಳೂರಿನಲ್ಲಿ ತಯಾರಾದರೂ ಶೆನ್‌ಜೆನ್‌ನಿಂದ ಬಂದರೂ ಅದರ ಮೇಲೆ ಐಎಸ್‌ಐ ಗುರುತು ಇರಲೇಬೇಕು. ಆ ಗುರುತು ಹಾಕಲು ಬಿಐಎಸ್ ಪರವಾನಗಿ ಸಿಗುವುದು ಆಮದುದಾರನಿಗಲ್ಲ, ತಯಾರಿಸುವ ಕಾರ್ಖಾನೆಗೆ. ವಿದೇಶಿ ತಯಾರಕರಿಗೆಂದೇ ಇರುವ ಯೋಜನೆಯಲ್ಲಿ ಕಾರ್ಖಾನೆಯವರು ಅರ್ಜಿ ಹಾಕಬೇಕು, ಭಾರತದಲ್ಲಿ ತಮ್ಮ ಪರವಾಗಿ ಉತ್ತರ ಕೊಡುವ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು, 10,000 ಡಾಲರ್ ಬ್ಯಾಂಕ್ ಗ್ಯಾರಂಟಿ ಇಡಬೇಕು. ಬಿಐಎಸ್ ಅಧಿಕಾರಿಗಳು ಆ ಕಾರ್ಖಾನೆಗೇ ಹೋಗಿ ಪರೀಕ್ಷಾ ಸಲಕರಣೆಗಳನ್ನು ನೋಡುತ್ತಾರೆ, ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಮುಂಗಡ ಹಣ ಕಳುಹಿಸುವ ಮೊದಲೇ ಪರವಾನಗಿ ಸಂಖ್ಯೆ ಕೇಳಿ, ಅದರಲ್ಲಿರುವ ವಿಳಾಸ ಅದೇ ಕಾರ್ಖಾನೆಯದೇ, ನಮಗೆ ಬೇಕಾದ ಬಗೆಯ ವೈರ್ ಅದರ ವ್ಯಾಪ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಕಂಟೇನರ್ ಬಂದರಿಗೆ ಬಂದ ಮೇಲೆ ಇದನ್ನೆಲ್ಲ ಹುಡುಕುತ್ತ ಕುಳಿತರೆ ನೆಲಬಾಡಿಗೆ ಏರುತ್ತದೆಯೇ ಹೊರತು ಮಾಲು ಕೈಗೆ ಬರುವುದಿಲ್ಲ.

ಇಷ್ಟು ಬಿಗಿ ಏಕೆ ಬೇಕು ಎಂಬುದಕ್ಕೆ ಉತ್ತರ ನಾನಿರುವ ದೇಶದಲ್ಲೇ ಇದೆ. 2010ರಿಂದ 2013ರವರೆಗೆ ಆಸ್ಟ್ರೇಲಿಯಾದಲ್ಲಿ ಇನ್ಫಿನಿಟಿ ಮತ್ತು ಓಲ್ಸೆಂಟ್ ಎಂಬ ಹೆಸರಿನಲ್ಲಿ ಚೀನಾದಿಂದ ಬಂದ ವೈರ್ ಮಾರಾಟವಾಯಿತು. ಒಳಗಿನ ತಾಮ್ರಕ್ಕಿಂತ ಮೇಲಿನ ಹೊದಿಕೆಯದ್ದೇ ತೊಂದರೆ. ಪಿವಿಸಿಯನ್ನು ಮೆದುವಾಗಿಡುವ ಅಂಶ ಕಾವಿಗೆ ಆರಿಹೋದರೆ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಒಳ್ಳೆಯ ವೈರಿಗೆ ಹೀಗಾಗಲು ದಶಕಗಳೇ ಬೇಕು, ಇದಕ್ಕೆ ಕೆಲವೇ ವರ್ಷಗಳು ಸಾಕಾಗಿದ್ದವು. ಸುಮಾರು 4,000 ಕಿಲೋಮೀಟರ್ ವೈರ್ ಆಗಲೇ 20,000ಕ್ಕೂ ಹೆಚ್ಚು ಮನೆಗಳ ಸೂರಿನಡಿ, ಗೋಡೆಯೊಳಗೆ ಸೇರಿಹೋಗಿತ್ತು. ಆಮದು ಮಾಡಿದ ಕಂಪನಿ ಮುಚ್ಚಿಹೋಯಿತು, ಹಿಂಪಡೆಯುವ ಹೊರೆ ಮಾರಿದ ಅಂಗಡಿಗಳವರ ಹೆಗಲಿಗೆ ಬಿತ್ತು. ಮನೆಯವರು ತಾವೇ ಅಟ್ಟ ಹತ್ತಿ ವೈರ್ ಮುಟ್ಟಿ ನೋಡಬಾರದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ್ನೇ ಕರೆಯಬೇಕು ಎಂದು ಸರ್ಕಾರ ಎಚ್ಚರಿಸಬೇಕಾಯಿತು. ಮುಟ್ಟಿದರೆ ಹೊದಿಕೆ ಒಡೆದು ತಾಮ್ರ ಹೊರಬರುವ ಭಯವಿತ್ತು.

ಇಲ್ಲಿ ವಿದ್ಯುತ್ ಸರಕಿನ ಸುರಕ್ಷತೆಗೆ ಮೊದಲ ಹೊಣೆಗಾರ ಆಮದುದಾರ. ಅವನ ಕಂಪನಿಯೇ ಇಲ್ಲವಾದರೆ ಹೊಣೆ ಯಾರದು ಎಂಬ ಪ್ರಶ್ನೆ ಆಗ ಇಡೀ ದೇಶವನ್ನು ಕಾಡಿತು. ವೈರ್ ಗೋಡೆ ಸೇರುವ ಮೊದಲೇ ಕಾರ್ಖಾನೆಯನ್ನು ತಡಕುವ ನಮ್ಮ ಪದ್ಧತಿ ಈ ವಿಷಯದಲ್ಲಿ ಮೇಲು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ತಮ್ಮನಿಗೂ ಇದನ್ನೇ ಹೇಳಿದೆ.

ಆದರೆ ಬಂದರಿನಿಂದ ಈಚೆಗೆ ಲೆಕ್ಕ ತಿರುಗುಮುರುಗಾಗುತ್ತದೆ. ವಿಕ್ಟೋರಿಯಾ ರಾಜ್ಯದಲ್ಲಿ ನನ್ನ ಅಡುಗೆಮನೆಗೆ ಒಂದು ಪಾಯಿಂಟ್ ಹೆಚ್ಚಿಗೆ ಹಾಕಿಸಿದರೂ ಎಲೆಕ್ಟ್ರಿಷಿಯನ್ ವಿದ್ಯುತ್ ಸುರಕ್ಷತಾ ಪ್ರಮಾಣಪತ್ರ ಕೊಡಲೇಬೇಕು. ಏನು ಕೆಲಸ, ಎಂದು ಮಾಡಿದ್ದು, ಯಾರು ಮಾಡಿದ್ದು, ಅವರ ಪರವಾನಗಿ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. ವೈರಿನ ಕಂಪನಿಯ ಹೆಸರು ಅದರಲ್ಲಿ ಇಲ್ಲದಿದ್ದರೂ ಕೆಲಸ ಮಾಡಿದವರ ಹೆಸರು ಸಿಕ್ಕರೆ ಅವರು ಸರಕು ಕೊಂಡ ಅಂಗಡಿಯವರೆಗೆ ಹೋಗಬಹುದು. ಹೀಗಿದ್ದೂ ಆ ಕೆಟ್ಟ ವೈರ್ ಪೂರ್ತಿಯಾಗಿ ಸಿಗಲಿಲ್ಲ. ದಾಖಲೆ ಇರುವಲ್ಲೇ ಈ ಪಾಡು.

ಇನ್ನು ನಮ್ಮ ಕಡೆಯ ಬೋರ್‌ವೆಲ್‌ಗೆ ಬನ್ನಿ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿ ಹೊಸದೇನಲ್ಲ. 1,200 ಅಡಿ ಆಳಕ್ಕೆ ಮೋಟರ್ ಇಳಿಸಿದರೆ ಅದರ ಜೊತೆ ಅಷ್ಟೇ ಉದ್ದದ ಫ್ಲಾಟ್ ಕೇಬಲ್ ಇಳಿಯುತ್ತದೆ. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ಎಳೆಗಳ ಕೇಬಲ್ ಕಿಲೋಮೀಟರಿಗೆ 4.95 ಓಮ್‌ಗಿಂತ ಹೆಚ್ಚು ರೋಧ, ಅಂದರೆ ಕರೆಂಟಿಗೆ ಅಡ್ಡಿ, ತೋರಬಾರದು ಎಂಬುದು ನಿಯಮ. ಹೊರಗೆ ನಾಲ್ಕು ಎಂದು ಬರೆದು ಒಳಗೆ ಮೂರರಷ್ಟೇ ತಾಮ್ರ ಹಾಕಿದರೆ ಆ ರೋಧ 6.6 ಓಮ್ ಆಗುತ್ತದೆ. ಮೊದಲೇ ವೋಲ್ಟೇಜ್ ಸಾಲದ ಹಳ್ಳಿಯಲ್ಲಿ ಉಳಿದದ್ದನ್ನೂ ಕೇಬಲ್ಲೇ ತಿನ್ನುತ್ತದೆ, ಮೋಟರ್ ಹೆಚ್ಚು ಕರೆಂಟ್ ಎಳೆದು ಸುಟ್ಟುಹೋಗುತ್ತದೆ. ರೈತ ಪೈಪನ್ನೆಲ್ಲ ಮೇಲೆತ್ತಿಸಿ, ಕಾಯಿಲ್ ಕಟ್ಟಿಸಿ, ಅದೇ ಕೇಬಲ್ಲಿಗೆ ಜೋಡಿಸಿ ಮತ್ತೆ ಇಳಿಸುತ್ತಾನೆ. ಬೈಗುಳ ಬೀಳುವುದು ಮೋಟರ್ ಕಂಪನಿಗೆ ಇಲ್ಲವೇ ಬೆಸ್ಕಾಂಗೆ. ಕೇಬಲ್ಲಿನ ಮೇಲೆ ಯಾರಿಗೂ ಅನುಮಾನವಿಲ್ಲ, ಏಕೆಂದರೆ ಅದನ್ನು ಎಲ್ಲಿಂದ ತಂದದ್ದು ಎನ್ನುವುದಕ್ಕೆ ಚೀಟಿಯೇ ಇಲ್ಲ. 'ಬಿಲ್ಲು ಬೇಡ ಎಂದರೆ ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ' ಎಂಬ ಮಾತಿಗೆ ನಮ್ಮವರು ಒಪ್ಪಿಬಿಟ್ಟಿರುತ್ತಾರೆ.

ಕೆಟ್ಟ ಸರಕನ್ನು ಮಾರುಕಟ್ಟೆಯಿಂದ ಹಿಂಪಡೆಯುವಂತೆ ಆದೇಶಿಸುವ ಅಧಿಕಾರ 2016ರ ಬಿಐಎಸ್ ಕಾಯ್ದೆಯಲ್ಲಿದೆ, ನಷ್ಟವಾದವರಿಗೆ ಪರಿಹಾರದ ಮಾತೂ ಇದೆ. ಆದರೆ ಶ್ರೀನಿವಾಸಪುರದ ಮಾವಿನ ತೋಟದ ಕೊಳವೆಬಾವಿಯೊಳಗೆ ಇಳಿದ ಕೇಬಲ್ಲನ್ನು ಆ ಕಾಯ್ದೆ ಹುಡುಕುವುದು ಹೇಗೆ? ಹೊಸ ಸಂಪರ್ಕ ಕೊಡುವಾಗ ಪರವಾನಗಿ ಇರುವ ಗುತ್ತಿಗೆದಾರರ ವರದಿ ಬೇಕು ನಿಜ. ಆಮೇಲೆ ಮನೆಗೆ ಒಂದು ಕೋಣೆ ಸೇರಿದಾಗ, ಮೋಟರ್ ಬದಲಾದಾಗ ಕಾಗದದ ಗೊಡವೆಯೇ ಇರುವುದಿಲ್ಲ.

ಹಾಗಾಗಿ ಊರಿನ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟು. ವೈರ್ ಕೊಳ್ಳುವಾಗ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆಯನ್ನು ನೋಡಿ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಪರವಾನಗಿ ಯಾವ ಕಾರ್ಖಾನೆಯದು, ಈಗಲೂ ಜೀವಂತವಿದೆಯೇ ಎಂಬುದು ಅಂಗಡಿಯಲ್ಲೇ ನಿಂತು ತಿಳಿಯುತ್ತದೆ. ಬಿಲ್ಲಿನಲ್ಲಿ ಕಂಪನಿಯ ಹೆಸರು, ಅಳತೆ, ಉದ್ದದ ಜೊತೆ ಆ ಸಂಖ್ಯೆಯನ್ನೂ ಬರೆಸಿಕೊಳ್ಳಿ. ಬಂಗಾರಪೇಟೆ, ಮುಳಬಾಗಿಲು, ಮಾಲೂರಿನ ಅಂಗಡಿಯವರು ತಾವಾಗಿಯೇ ಇದನ್ನು ಬರೆದುಕೊಟ್ಟರೆ ಇನ್ನೂ ಒಳ್ಳೆಯದು, ಅವರಿಗೂ ಅದು ರಕ್ಷಣೆ. ಮೋಟರ್ ಇಳಿಸುವವರು ಸ್ಟಾರ್ಟರ್ ಪೆಟ್ಟಿಗೆಯ ಒಳಬಾಗಿಲಿಗೆ ಕೇಬಲ್ಲಿನ ವಿವರ, ಇಳಿಸಿದ ತಾರೀಖು, ತಮ್ಮ ಹೆಸರು ಬರೆದ ಚೀಟಿ ಅಂಟಿಸಲಿ. ತಮ್ಮ ಈಗ ಪರವಾನಗಿ ಇರುವ ಬೇರೊಂದು ಕಾರ್ಖಾನೆಯ ಜೊತೆ ಮಾತುಕತೆ ನಡೆಸಿದ್ದಾನೆ. ದರ ತುಸು ಹೆಚ್ಚು. ತಾನು ಕೊಡುವ ಪ್ರತಿ ಪ್ಯಾನೆಲ್ಲಿನೊಳಗೂ ವೈರಿನ ಪರವಾನಗಿ ಸಂಖ್ಯೆ ಅಂಟಿಸಲು ಅವನು ಒಪ್ಪಿದ್ದಾನೆ.