ಶ್ವೇತಭವನದ ಹುಂಜ

ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದು ನಂಬಿದ್ದ ಅಜ್ಜಿ, ಊರವರ ಮೇಲೆ ಮುನಿಸಿಕೊಂಡು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಡಿಗೆ ಹೋದ ಕಥೆ ನಮಗೆಲ್ಲ ಗೊತ್ತು. ಅಮೆರಿಕದಲ್ಲಿ ಆ ಅಜ್ಜಿ ಎರಡು ಪಕ್ಷಗಳನ್ನೇ ಕಟ್ಟಿದ್ದಾಳೆ. ಬೆಳಗಾದರೆ ನಮ್ಮ ಹುಂಜ ಕೂಗಿದ್ದಕ್ಕೆ, ಕತ್ತಲಾದರೆ ಎದುರು ಮನೆಯ ಹುಂಜ ಕೂಗಿದ್ದಕ್ಕೆ ಎಂಬುದು ಎರಡೂ ಪಕ್ಷಗಳ ಅರ್ಥಶಾಸ್ತ್ರ.

2022ರ ಜೂನ್‌ನಲ್ಲಿ ಅಲ್ಲಿ ಪೆಟ್ರೋಲ್ ಸರಾಸರಿ ದರ ಗ್ಯಾಲನ್‌ಗೆ 5 ಡಾಲರ್ ದಾಟಿತು. ಬಂಕ್‌ಗಳಲ್ಲಿ ಪುಟ್ಟ ಸ್ಟಿಕರ್‌ಗಳು: ಬೆರಳು ಚಾಚಿ ನಿಂತ ಆಗಿನ ಅಧ್ಯಕ್ಷ ಬೈಡನ್, ಪಕ್ಕದಲ್ಲಿ 'ಇದು ನನ್ನದೇ ಕೆಲಸ' ಎಂಬ ಬರಹ. ಅಂಟಿಸುವವರ ಶ್ರದ್ಧೆ ದೊಡ್ಡದು. ಬೆರಳಿನ ತುದಿ ಸರಿಯಾಗಿ ಬೆಲೆಯ ಅಂಕಿಯತ್ತಲೇ ತಿರುಗಿರಬೇಕು. ಉಗುರಿನಿಂದ ಕೆರೆದು ತೆಗೆಯುವ ಪಾಡು ಬಂಕಿನ ನೌಕರರದ್ದು. ಬೈಡನ್ ಮಾತ್ರ ಇದು 'ಪುಟಿನ್ ಬೆಲೆಯೇರಿಕೆ' ಎಂದರು. ಉಕ್ರೇನ್ ಯುದ್ಧದಿಂದ ತೈಲ ತುಟ್ಟಿಯಾದದ್ದು ಸುಳ್ಳಲ್ಲ. ಆದರೆ ಆಗಸ್ಟ್ ಹೊತ್ತಿಗೆ ದರ 4 ಡಾಲರ್‌ಗಿಂತ ಕೆಳಗಿಳಿದಾಗ ಪುಟಿನ್ ಹೆಸರನ್ನು ಯಾರೂ ಎತ್ತಲಿಲ್ಲ. ಶ್ವೇತಭವನ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿತು.

ಟ್ರಂಪ್ ಈ ವಿದ್ಯೆಯಲ್ಲಿ ಇನ್ನೂ ಪಳಗಿದವರು. 2024ರ ಜನವರಿಯಲ್ಲಿ ಷೇರುಪೇಟೆ ಏರುತ್ತಿತ್ತು, ಕುರ್ಚಿಯಲ್ಲಿದ್ದವರು ಬೈಡನ್. 'ಇದು ಟ್ರಂಪ್ ಷೇರುಪೇಟೆ, ಸಮೀಕ್ಷೆಗಳಲ್ಲಿ ನಾನು ಮುಂದಿದ್ದೇನಲ್ಲ' ಎಂದರು. 2025ರ ಏಪ್ರಿಲ್‌ನಲ್ಲಿ ಅವರದೇ ಸುಂಕದ ಹೊಡೆತಕ್ಕೆ ಪೇಟೆ ಮುಗ್ಗರಿಸಿತು. ಅಧಿಕಾರ ಹಿಡಿದು ಮೂರು ತಿಂಗಳು ಕಳೆದಿದ್ದರೂ ತಿಂಗಳ ಕೊನೆಗೆ ಅದು 'ಬೈಡನ್ ಷೇರುಪೇಟೆ' ಆಯಿತು. ಕೆಲವೇ ದಿನಗಳಲ್ಲಿ ಟಿವಿ ಸಂದರ್ಶನವೊಂದರಲ್ಲಿ ಆರ್ಥಿಕತೆಯ ಒಳ್ಳೆಯ ಭಾಗ ತಮ್ಮದು, ಕೆಟ್ಟ ಭಾಗ ಬೈಡನ್ ಅವರದು ಎಂದೂ ಬಿಡಿಸಿ ಹೇಳಿದರು. ಆಸ್ತಿಯೆಲ್ಲ ನನಗೆ, ಸಾಲವೆಲ್ಲ ನಿನಗೆ! ಅಣ್ಣತಮ್ಮಂದಿರ ಪಾಲುಪಟ್ಟಿ ಇಷ್ಟು ಸಲೀಸಾಗಿದ್ದರೆ ನಮ್ಮ ಸಿವಿಲ್ ಕೋರ್ಟುಗಳಿಗೆ ಕೆಲಸವೇ ಇರುತ್ತಿರಲಿಲ್ಲ.

ಅದೇ ವರ್ಷದ ಆಗಸ್ಟ್ 1ರಂದು ಉದ್ಯೋಗದ ಅಂಕಿಅಂಶ ಸೊರಗಿ ಬಂದವು. ಅಂದೇ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥೆಯನ್ನು ವಜಾ ಮಾಡಲಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಅಳೆದ ಸರ್ವೇಯರ್‌ಗೇ ಮನೆಯ ದಾರಿ ತೋರಿಸಿದರು.

ಮೊಟ್ಟೆಯ ಪ್ರಸಂಗದಲ್ಲಿ ಬೈಡನ್ ಪಕ್ಷದ ಡೆಮಾಕ್ರಾಟರೂ ಹಿಂದೆ ಬೀಳಲಿಲ್ಲ. ಬೆಲೆ ಅಧ್ಯಕ್ಷರ ಕೈಯಲ್ಲಿಲ್ಲ ಎಂದು ಮೊನ್ನೆಯವರೆಗೆ ಪಾಠ ಹೇಳುತ್ತಿದ್ದವರು, 2025ರ ಮಾರ್ಚ್‌ನಲ್ಲಿ ಡಜನ್ ಮೊಟ್ಟೆ 6 ಡಾಲರ್ ದಾಟಿದಾಗ ಟ್ರಂಪ್ ಅವರನ್ನೇ ಲೆಕ್ಕ ಕೇಳತೊಡಗಿದರು. 2022ರಿಂದಲೂ ಕೋಳಿಗಳನ್ನು ಕೊಲ್ಲುತ್ತಿದ್ದ ಹಕ್ಕಿಜ್ವರಕ್ಕೆ ಪಕ್ಷದ ಸದಸ್ಯತ್ವ ಇದ್ದಂತಿಲ್ಲ.

ಇನ್ನು ಪ್ರಜೆಗಳು. ಮಿಷಿಗನ್ ವಿಶ್ವವಿದ್ಯಾಲಯ ಗ್ರಾಹಕರ ಮನೋಭಾವವನ್ನು ಪ್ರತಿ ತಿಂಗಳೂ ಅಳೆಯುತ್ತದೆ. 2024ರ ನವೆಂಬರ್ ಚುನಾವಣೆಯಲ್ಲಿ ಟ್ರಂಪ್ ಗೆದ್ದದ್ದೇ ತಡ, ಅವರ ಪಕ್ಷದ ರಿಪಬ್ಲಿಕನ್ನರ ಮನೆಗಳಲ್ಲಿ ಬೆಳಕು ಹರಿಯಿತು, ಡೆಮಾಕ್ರಾಟರ ಮನೆಗಳಿಗೆ ಕತ್ತಲು ಕವಿಯಿತು. ಅಂಗಡಿ ಅದೇ, ಸಂಬಳವೂ ಅದೇ. ಹೊಸ ಅಧ್ಯಕ್ಷರು ಪ್ರಮಾಣವಚನ ಸ್ವೀಕರಿಸಲು ಇನ್ನೂ ಎರಡು ತಿಂಗಳಿತ್ತು. ಹುಂಜ ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ.